ಕಳ್ಳಗಾಳಿ

ಓಡುವಾಗ ಏನೂ ಇಲ್ಲ.
ಹರಿಹರದ ತನಕ ಅರವತ್ತರಲ್ಲಿ ಹೊಡೆದರೂ
ಎಣ್ಣೆ ಸವರಿದ ಹಾಗೆ ಹೋಗುತ್ತದೆ.
ನಿಂತಾಗ ಮಾತ್ರ ನಡುಕ.

ಅಶೋಕ ಟಾಕೀಸಿನ ರೈಲ್ವೆ ಗೇಟು ಬಿತ್ತೆಂದರೆ
ಸ್ಟಿಯರಿಂಗು, ಕನ್ನಡಿ, ಡ್ಯಾಶ್‌ಬೋರ್ಡಿನ ಗಣಪ,
ನನ್ನ ಕೆಳದವಡೆ, ಎಲ್ಲವೂ
ಭಟ್ಟಿಯ ಮರಳಲ್ಲಿ ಮಂಡಕ್ಕಿ ಸಿಡಿದಂತೆ ಚಟಪಟ.
ಗೂಡ್ಸು ರೈಲಿಗೆ ಐವತ್ತೆಂಟು ಡಬ್ಬಿ. ಎಣಿಸಿದ್ದೇನೆ.
ನಲವತ್ತು ಬರುವಷ್ಟರಲ್ಲಿ ಎಂಜಿನ್ ಆಫ್.
ಹಿಂದಿನ ಆಟೋದವನು ಹಾರ್ನಿನಲ್ಲೇ
ನನ್ನ ವಂಶ ವಿಚಾರಿಸುತ್ತಾನೆ.

ತೊಂಬತ್ತಾರನೇ ಇಸವಿಯ ಮಾರುತಿ, ಬೂದಿ ಬಣ್ಣ,
ಚಳ್ಳಕೆರೆಯ ಕಂಪೌಂಡರ್ ಪಾಲಯ್ಯನವರಿಂದ
ಮೂವತ್ತೆಂಟು ಸಾವಿರಕ್ಕೆ ತಂದದ್ದು.
‘ಬಲು ಜ್ವಾಪಾನ ಮಾಡಿದೀನಿ’ ಅಂದಿದ್ದರು, ಬಾನೆಟ್ ಸವರುತ್ತ.
ಮಾರುವವರೆಲ್ಲ ಹಾಗೇ ಅನ್ನುತ್ತಾರೆಂದು
ಇನ್ನೆರಡು ಸಾವಿರ ಇಳಿಸಿದ್ದೆ.

ಪಿ.ಬಿ. ರೋಡಿನ ಹಿಂದೆ, ಸವೆದ ಟೈರುಗಳ ಗುಡ್ಡೆ ದಾಟಿ
ಬುಡೇನ್ ಸಾಬರ ಗ್ಯಾರೇಜು.
ಬಾನೆಟ್ ಎತ್ತುವ ಮೊದಲು
ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಕೂತರು.
ಪುಸ್, ಪುಸ್,
            ಪುಸ್, ಪುಸ್,
‘ಒಂದು ತಪ್ತೈತ್ರಿ. ಕೇಳ್ರಿ.’
ನನಗೆ ಕೇಳಲಿಲ್ಲ. ಕೇಳಿದವನಂತೆ ತಲೆ ಆಡಿಸಿದೆ.

ಮೂರೇ ಸಿಲಿಂಡರು.
ಎಂಜಿನ್ ಓಡುತ್ತಿರುವಾಗಲೇ, ದಪ್ಪ ರಬ್ಬರಿನ ತುಂಡು ಹಿಡಿದು,
ಒಂದೊಂದೇ ವೈರಿನ ತಲೆ ಕಿತ್ತರು.
ಮೊದಲನೆಯದು ಕಿತ್ತಾಗ ಬಿಕ್ಕಿತು.
ಎರಡನೆಯದಕ್ಕೆ ಸತ್ತೇಹೋಯಿತು.
ಮತ್ತೆ ಚಾಲೂ ಮಾಡಿ ಮೂರನೆಯದು ಕಿತ್ತಾಗ
ಏನೂ ಆಗಲಿಲ್ಲ.
ಅದೇ ಸದ್ದು, ಅದೇ ನಡುಕ,
ಇದ್ದರೂ ಅಷ್ಟೆ, ಇರದಿದ್ದರೂ ಅಷ್ಟೆ.
‘ಕಿತ್ರೂ ಗೊತ್ತಾಗಂಗಿಲ್ಲಲ್ಲ, ಅದೇ ನೋಡ್ರಿ ರೋಗಿ.’

ಸ್ಟೂಲಿನ ಮೇಲೆ ಕೂತಿದ್ದವನು
ಯಾಕೋ ಕಾಲು ಹಿಂದಕ್ಕೆಳೆದುಕೊಂಡೆ.
ಹೋದ ತಿಂಗಳು ಆಡಿಟ್ಟಿಗೆಂದು ಹೊಸಪೇಟೆಯಲ್ಲಿ ನಾಲ್ಕು ದಿನ ಕಳೆದು ಬಂದಾಗ
ಪಕ್ಕದ ಮೇಜಿನ ಶಿವಲೀಲಾ ಕೇಳಿದ್ದರು:
‘ಅಯ್ಯೋ, ಊರಲ್ಲಿರಲಿಲ್ವಾ ನೀವು?’

ಮೂರನೆಯದರ ಪ್ಲಗ್ಗು ಬಿಚ್ಚಿದರೆ ಬಿಳಿಚಿಕೊಂಡಿದೆ,
ಉಪವಾಸ ಬಿದ್ದವರ ನಾಲಿಗೆ.
ಅದನ್ನು ಮೊದಲನೆಯದಕ್ಕೆ, ಮೊದಲನೆಯದನ್ನು ಅದಕ್ಕೆ
ಅದಲು ಬದಲು ಮಾಡಿದರೂ
ತಪ್ಪಿದ್ದು ಮೂರನೆಯದೇ.
‘ಇದರದ್ದೇನೂ ತಪ್ಪಿಲ್ರಿ’ ಅಂದರು ಸಾಬರು.
‘ಇದರ ಎಲೆಗೆ ಬರೇ ಗಾಳಿ ಬಡಿಸ್ಯಾರ.
ಎಲ್ಲೋ ಕಳ್ಳಗಾಳಿ ಹೊಕ್ಕೈತಿ.’

ಹುಡುಗ ಕಲ್ಲೇಶಿ ಸಿರಿಂಜಿನಲ್ಲಿ ನೀರು ತಂದ.
ಪೈಪು ಪೈಪಿಗೂ ಒಂದು ಹನಿ.
ಇಲ್ಲ. ಇಲ್ಲ. ಅಲ್ಲೂ ಇಲ್ಲ.
ಮ್ಯಾನಿಫೋಲ್ಡಿನ ಬೆನ್ನಿಗೆ, ಕೈ ಹೋಗದ ಸಂದಿಯಲ್ಲಿ
ಒಂದು ಹನಿ ಬಿದ್ದದ್ದೇ
ಎಂಜಿನ್ ಅದನ್ನು ಸೊರ್ರನೆ ಹೀರಿಕೊಂಡಿತು.
ಒಂದು ಗಳಿಗೆ
ಗಣಪ ಅಲುಗಲಿಲ್ಲ.

ಹೊರಬಂದದ್ದು ಕಿರುಬೆರಳು ಗಾತ್ರದ ರಬ್ಬರ್ ಪೈಪು.
ಸೀಳಿದ ಜಾಗಕ್ಕೆ ಬ್ಯಾಂಡೇಜು.
ನಿಜವಾದ ಬ್ಯಾಂಡೇಜು: ಆಸ್ಪತ್ರೆಯ ಬಿಳಿ ಬಟ್ಟೆ, ಈಗ ಕಾಫಿ ಬಣ್ಣ,
ಪ್ರತಿ ಸುತ್ತೂ ಹಿಂದಿನದರ ಅರ್ಧ ಹೊದ್ದು,
ಮೊಣಕೈಗೆ ಸುತ್ತುವವರು ಸುತ್ತುವ ಹಾಗೆ,
ತುದಿ ಸೀಳಿ, ಗಂಟು ಹಾಕಿ,
ಚುಚ್ಚದಂತೆ ಒಳಕ್ಕೆ ಮಡಚಿಟ್ಟದ್ದು.
ಮೋಸ ಅನ್ನಲು ಬಾಯಿ ತೆರೆದಿದ್ದೆ.
ಇಷ್ಟು ನಾಜೂಕಾಗಿ ಯಾರು ಮೋಸ ಮಾಡುತ್ತಾರೆ?

‘ಐಡ್ಲಿಂಗ್ ಸ್ಕ್ರೂನೂ ಎರಡು ಸುತ್ತು ಏರಿಸ್ಯಾರ್ರಿ,
ನಡುಕ ಕಾಣಬಾರದಂತ’ ಅಂದ ಕಲ್ಲೇಶಿ.
ಸಾಬರು ಏನೂ ಅನ್ನದೆ ಎರಡು ಸುತ್ತು ಇಳಿಸಿದರು.

ಪೈಪಿಗೆ ನಲವತ್ತು, ಕೂಲಿ ಇನ್ನೂರು.
ಹಳೆಯ ತುಂಡು ಬುಟ್ಟಿಗೆ ಬೀಳುವ ಮೊದಲು
ಕೇಳಿ ಜೇಬಿಗೆ ಹಾಕಿಕೊಂಡೆ.

ಸಂಜೆ ಗೇಟು ಬಿದ್ದಿತ್ತು.
ಎಂಜಿನ್ ಎಷ್ಟು ಸುಮ್ಮನಿತ್ತೆಂದರೆ
ಆರಿಹೋಯಿತೇನೋ ಎಂದು ಎರಡು ಸಲ
ಆಕ್ಸಿಲರೇಟರ್ ಒತ್ತಿ ನೋಡಿದೆ.
ಗೂಡ್ಸು ಬಂತು. ಐವತ್ತಾರು, ಐವತ್ತೇಳು, ಐವತ್ತೆಂಟು,
ಅದರ ಹಿಂದೆ ಇನ್ನೊಂದು,
ನಾನು ಯಾವತ್ತೂ ಲೆಕ್ಕಕ್ಕೆ ಹಿಡಿಯದ ಗಾರ್ಡಿನ ಡಬ್ಬಿ.
ಬಾಗಿಲಲ್ಲಿ ಒಬ್ಬ
ಹಸಿರು ಬಾವುಟ ಸುತ್ತಿಕೊಳ್ಳುತ್ತಿದ್ದ.